ಗೂಢಚಾರನ ಗಾಯವೂ ನಮ್ಮ ಪ್ರೇಕ್ಷಕರೂ

ರಾಜಾಜಿನಗರ, ವಿಜಯನಗರ, ಬಸವೇಶ್ವರನಗರಗಳ ವಿದ್ಯಾವಂತರ ಮನೆಗಳಲ್ಲಿ ಚಲಚ್ಚಿತ್ರದ ಮಾತು ಬಂದಾಗ ಒಂದು ವಾದವು ತಲೆಯೆತ್ತುವುದುಂಟು. ರಾಜಕುಮಾರರ ಸಿ.ಐ.ಡಿ. 999 ಚಿತ್ರಮಾಲೆಯನ್ನು ಹೊಸದಾಗಿ ತೆಗೆಯಬೇಕು. ಆಂಗ್ಲರ ಜೇಮ್ಸ್ ಬಾಂಡನಿಗೆ 2006ರಲ್ಲಿ ಆದ ಕಾಯಕಲ್ಪವು ನಮ್ಮವನಿಗೂ ಆಗಬೇಕು. ಅವನೂ ಪೆಟ್ಟು ತಿನ್ನಬೇಕು, ನೆತ್ತರು ಸುರಿಸಬೇಕು, ಆಗಲೇ ಅದು ನಿಜವೆನಿಸುವುದು ಎಂದು ತರುಣರು ಹೇಳುವರು. ಅಣ್ಣಾವ್ರು ಮಾಡಿದ ಪಾತ್ರವನ್ನು ಇನ್ನೊಬ್ಬನು ಮುಟ್ಟತಕ್ಕದ್ದಲ್ಲ, ಅದನ್ನು ರಕ್ತದಲ್ಲಿ ಅದ್ದುವುದಂತೂ ಅಪಚಾರವೆಂದು ಹಿರಿಯರು ಹೇಳುವರು. ಈ ಎರಡು ಮಾತುಗಳಲ್ಲಿ ಯಾವುದನ್ನೂ ನಾವು ಒಪ್ಪಲಾರೆವು.

ಹಿರಿಯರ ಮಾತಿಗೆ ಉತ್ತರವು ಸುಲಭ. 1954ರಲ್ಲಿ ಬೇಡರ ಕಣ್ಣಪ್ಪನಾಗಿ, 1960ರಲ್ಲಿ ಕನಕದಾಸರಾಗಿ, 1966ರ ‘ಮಂತ್ರಾಲಯ ಮಹಾತ್ಮೆ’ಯಲ್ಲಿ ಸಾಕ್ಷಾತ್ ರಾಘವೇಂದ್ರಸ್ವಾಮಿಗಳಾಗಿ ತೆರೆಯ ಮೇಲೆ ನಿಂತವರು ರಾಜಕುಮಾರರು. ಅದಾಗಿ ಎರಡೇ ವರ್ಷಕ್ಕೆ, 1968ರಲ್ಲಿ, ದೊರೆ–ಭಗವಾನ್ ಜೋಡಿಯು ‘ಜೇಡರ ಬಲೆ’ಯಲ್ಲಿ ಅವರ ಕೈಗೆ ಪಿಸ್ತೂಲನ್ನು ಕೊಟ್ಟಿತು. ಕಾಷಾಯವನ್ನುಟ್ಟ ದೇಹಕ್ಕೆ ಸೂಟು ತೊಡಿಸಿದುದು ಸಾಮಾನ್ಯ ಮಾರ್ಪಾಟೆ? ಆಗಿನ ಪ್ರೇಕ್ಷಕರು ಮುನಿಯಲಿಲ್ಲ. ಅದೇ ವರ್ಷ ‘ಗೋವಾದಲ್ಲಿ ಸಿ.ಐ.ಡಿ. 999’, ಮರುವರ್ಷ ‘ಆಪರೇಷನ್ ಜಾಕ್‌ಪಾಟ್‌ನಲ್ಲಿ ಸಿ.ಐ.ಡಿ. 999’, 1978ರಲ್ಲಿ ‘ಆಪರೇಷನ್ ಡೈಮಂಡ್ ರಾಕೆಟ್’ ಬಂದವು. ಇದೇ ನಿರ್ದೇಶಕರು ನಡುವೆ 1971ರಲ್ಲಿ ‘ಕಸ್ತೂರಿ ನಿವಾಸ’ವನ್ನೂ ತೆಗೆದರು. ಇಷ್ಟು ಬದಲಾವಣೆಯನ್ನು ತಾಳಿಕೊಂಡ ಜನರ ಮಕ್ಕಳು ಇಂದು ಕಾವಲುಗಾರರಂತೆ ಬಾಗಿಲಲ್ಲಿ ನಿಲ್ಲುವುದು ವಿಚಿತ್ರವೇ ಸರಿ.

ತರುಣರ ವಾದವು ಇದಕ್ಕಿಂತ ಗಟ್ಟಿಯಾದುದು. ಆದುದರಿಂದ ಅದನ್ನು ಕೊಂಚ ನಿಧಾನವಾಗಿ ಪರೀಕ್ಷಿಸಬೇಕು. ಅವರು ಮುಂದಿಡುವ ಸಾಕ್ಷ್ಯವು ‘ಕ್ಯಾಸಿನೊ ರಾಯಲ್’. 2005ರ ಅಕ್ಟೋಬರಿನಲ್ಲಿ ಡೇನಿಯಲ್ ಕ್ರೇಗನ ಹೆಸರು ಪ್ರಕಟವಾದೊಡನೆ ಅಭಿಮಾನಿಗಳಲ್ಲಿ ಕೋಲಾಹಲವೆದ್ದಿತು. ಕಾರಣವೇನೆಂದರೆ ಅವನ ಕೂದಲು ಕಪ್ಪಲ್ಲ, ಹೊಂಬಣ್ಣದ್ದು! ಚಿತ್ರವನ್ನು ಬಹಿಷ್ಕರಿಸಬೇಕೆಂಬ ಕೂಗೂ ಕೇಳಿಬಂದಿತು. ಮರುವರ್ಷ ನವೆಂಬರಿನಲ್ಲಿ ಚಿತ್ರವು ತೆರೆಕಂಡಾಗ ಅದೇ ಜನರಲ್ಲಿ ಬಹುಮಂದಿ ಹೊಗಳತೊಡಗಿದರು. ಹೊಗಳಿದುದಾದರೂ ಏನನ್ನು? ಈತನು ಓಡುವಾಗ ಏದುಸಿರು ಬಿಡುತ್ತಾನೆ, ಅಂಗಿಗೆ ರಕ್ತ ಹತ್ತುತ್ತದೆ, ಕುಡಿಯುವ ಪಾನೀಯವನ್ನು ಹೇಗೆ ಬೆರೆಸಿದರೂ ಸರಿಯೆನ್ನುತ್ತಾನೆ, ಆದುದರಿಂದ ಇವನು ನಿಜವಾದ ಮನುಷ್ಯ ಎಂದು. ಮೊದಲು ಕೂದಲನ್ನು ನೋಡಿ ತೆಗಳಿದವರು ಅನಂತರ ಗಾಯವನ್ನು ನೋಡಿ ಹೊಗಳಿದರು. ಅವರ ಕಣ್ಣು ಚರ್ಮವನ್ನು ದಾಟಿ ಒಳಗೆ ಹೋಗಲೇ ಇಲ್ಲ.

ಆ ಚಿತ್ರದ ಬಲವಿದ್ದುದು ಬೇರೆ ಕಡೆ. 2002ರ ‘ಡೈ ಅನದರ್ ಡೇ’ ಎಂಬುದರಲ್ಲಿ ಕಣ್ಣಿಗೆ ಕಾಣದ ಮೋಟಾರುಗಾಡಿಯೂ ಮಂಜುಗಡ್ಡೆಯ ಅರಮನೆಯೂ ಇದ್ದವು. ನಾಯಕನಿಗೆ ಕಳೆದುಕೊಳ್ಳತಕ್ಕ ವಸ್ತು ಮಾತ್ರ ಇರಲಿಲ್ಲ. ‘ಕ್ಯಾಸಿನೊ ರಾಯಲ್’ ತೆಗೆದವರು 1953ರ ಇಯಾನ್ ಫ್ಲೆಮಿಂಗನ ಮೊದಲ ಕಾದಂಬರಿಗೆ ಹಿಂದಿರುಗಿದರು. ಅಲ್ಲಿ ಅವನು ಒಬ್ಬಳನ್ನು ನಂಬುತ್ತಾನೆ. ಅವಳಿಗಾಗಿ ಉದ್ಯೋಗವನ್ನೇ ಬಿಡುತ್ತಾನೆ. ಅವಳಿಂದಲೇ ವಂಚಿತನಾಗಿ, ವೆನಿಸ್ಸಿನ ನೀರಿನಲ್ಲಿ ಅವಳನ್ನು ಕಳೆದುಕೊಳ್ಳುತ್ತಾನೆ. ಪ್ರೇಕ್ಷಕನ ಮನಸ್ಸು ಕರಗಿದುದು ಈ ನಷ್ಟಕ್ಕೆ. ಸಂಶಯವಿದ್ದವರು 2008ರ ‘ಕ್ವಾಂಟಮ್ ಆಫ್ ಸೊಲೇಸ್’ ನೋಡಲಿ. ನಟನು ಅವನೇ, ಹೊಡೆದಾಟವೂ ಧೂಳೂ ರಕ್ತವೂ ಅಷ್ಟೇ. ಆದರೆ ಹಾಲಿವುಡ್ಡಿನ ಲೇಖಕರ ಮುಷ್ಕರದ ನಡುವೆ ಕಥೆಯು ಅರೆಬೆಂದಿತು. ನಟನೂ ನಿರ್ದೇಶಕನೂ ಸೇರಿ ದೃಶ್ಯಗಳನ್ನು ಬರೆದುಕೊಳ್ಳಬೇಕಾಯಿತೆಂದು ಕ್ರೇಗನೇ ಹೇಳಿದ್ದಾನೆ. ಜನರು ಅದನ್ನು ತಣ್ಣಗೆ ಸ್ವೀಕರಿಸಿದರು. ನೆತ್ತರೇ ನಿಜವಾಗಿದ್ದರೆ ಹಾಗಾಗತಕ್ಕದ್ದಿರಲಿಲ್ಲ.

ಇಲ್ಲೊಂದು ಉಪಕಥೆ. 2015ರಲ್ಲಿ ‘ಸ್ಪೆಕ್ಟರ್’ ಬಂದಾಗ ನಮ್ಮ ದೇಶದ ಪ್ರಮಾಣಪತ್ರ ಮಂಡಲಿಯು ಚುಂಬನದ ದೃಶ್ಯಗಳನ್ನು ಅರ್ಧಕ್ಕಿಳಿಸಿತು. ಕೊಲೆಗಳಿಗೆ ಅಂತಹ ಲೆಕ್ಕಾಚಾರ ನಡೆಯಲಿಲ್ಲ. ‘ಸಂಸ್ಕಾರಿ ಬಾಂಡ್’ ಎಂದು ದೇಶವೆಲ್ಲ ನಕ್ಕಿತು. ನಗಲಿ, ಆದರೆ ರಕ್ತವು ನಿಜ, ಪ್ರೀತಿಯು ಅಲಂಕಾರ ಎಂಬ ಎಣಿಕೆಯಲ್ಲಿ ನಗುವ ತರುಣರಿಗೂ ಆ ಮಂಡಲಿಗೂ ಹೆಚ್ಚಿನ ಅಂತರವಿಲ್ಲ.

ಇನ್ನು ಕನ್ನಡದಲ್ಲಿ ರಕ್ತಕ್ಕೇನು ಬರ? 1995ರ ‘ಓಂ’ ಚಿತ್ರದಿಂದ ಮೊದಲ್ಗೊಂಡು 2018, 2022ರ ‘ಕೆ.ಜಿ.ಎಫ್.’ಗಳವರೆಗೆ ಮಚ್ಚು, ಕೊಡಲಿ, ಬಂದೂಕುಗಳ ಸುಗ್ಗಿಯೇ ಆಗಿದೆ. ಅದನ್ನು 999ರ ಮೈಗೂ ಬಳಿದರೆ ಇನ್ನೊಬ್ಬ ರೌಡಿಯು ಹುಟ್ಟಿಯಾನು, ಗೂಢಚಾರನು ಹುಟ್ಟಲಾರನು.

ಹಳೆಯ ಚಿತ್ರಗಳನ್ನು ಮಕ್ಕಳಾಟವೆಂದು ತಳ್ಳಿಬಿಡುವವರು ಒಂದು ಸಂಗತಿಯನ್ನು ಮರೆಯುತ್ತಾರೆ. ‘ಜೇಡರ ಬಲೆ’ಯ ಕಥೆಯು ಸುತ್ತುವುದು ಲೋಹವನ್ನು ಬಂಗಾರವಾಗಿಸುವ ವಿಜ್ಞಾನಿಯೊಬ್ಬನ ಸೂತ್ರದ ಸುತ್ತ. ಕೇಳಲು ಅಡಗೂಲಜ್ಜಿಯ ಕಥೆ, ನಿಜ. ಆದರೆ ಅದು ಯಾವ ಕಾಲ? 1963ರ ಬಂಗಾರ ನಿಯಂತ್ರಣದ ನಿಯಮಗಳು 14 ಕ್ಯಾರೆಟ್ಟಿಗೆ ಮೀರಿದ ಒಡವೆಯನ್ನು ಮಾಡಬಾರದೆಂದಿದ್ದವು. ಆ ಕಟ್ಟು ಕೆಲವು ವರ್ಷಗಳಲ್ಲಿ ಸಡಿಲವಾದರೂ, ಚಿತ್ರ ಬಂದ 1968ರಲ್ಲಿಯೇ ಬಂಗಾರ ನಿಯಂತ್ರಣದ ಕಾಯಿದೆಯೂ ಬಂದಿತು. ಮಗಳ ಮದುವೆಗೆ ಒಡವೆ ಮಾಡಿಸಬೇಕಾದ ಗೃಹಸ್ಥನಿಗೆ ಬಂಗಾರದ ಚಿಂತೆಯು ಕಟ್ಟುಕಥೆಯಾಗಿರಲಿಲ್ಲ. ಖಳನಿಗೆ ಏನು ಬೇಕಾಗಿತ್ತೋ ಅದು ಮುಂದಿನ ಸಾಲಿನಲ್ಲಿ ಕುಳಿತವನಿಗೂ ಬೇಕಾಗಿತ್ತು. ಕಪ್ಪುಬಿಳುಪಿನ ಆ ಚಿತ್ರದ ನಿಜವು ಇದು. ಇದಕ್ಕೆ ಒಂದು ತೊಟ್ಟು ರಕ್ತವೂ ಬೇಕಾಗಲಿಲ್ಲ.

ಹಾಗಾದರೆ ಇಂದಿನ 999ನಿಗೆ ವಸ್ತುವಿಲ್ಲವೆ? ಬೇಕಾದಷ್ಟಿದೆ. ಈಚಿನ ವರ್ಷಗಳಲ್ಲಿ ‘ಡಿಜಿಟಲ್ ಅರೆಸ್ಟ್’ ಎಂಬ ವಂಚನೆಯೊಂದು ನಮ್ಮ ಮನೆಗಳಿಗೆ ನುಗ್ಗಿದೆ. ದೂರವಾಣಿಯ ತೆರೆಯ ಮೇಲೆ ಸಮವಸ್ತ್ರದವನೊಬ್ಬನು ಕಾಣಿಸಿಕೊಂಡು, ತಾನು ಪೋಲೀಸು ಅಧಿಕಾರಿ, ಸಿ.ಬಿ.ಐ.ಯವನು ಎಂದು ಬೆದರಿಸಿ, ನಿವೃತ್ತರ ಜೀವಮಾನದ ಉಳಿತಾಯವನ್ನು ದೋಚುತ್ತಾನೆ. ಒಂದು ಹನಿ ನೆತ್ತರೂ ಬೀಳುವುದಿಲ್ಲ. ಮನೆ ಮಾತ್ರ ಬರಿದಾಗುತ್ತದೆ. ಒಂದು ಕಾಲಕ್ಕೆ ಸಿ.ಐ.ಡಿ. ಎಂದರೆ ಸೀಟಿ ಹೊಡೆದು ಎದುರುಗೊಂಡ ಜನರು ಈಗ ಆ ವೇಷವನ್ನು ಕಂಡರೆ ಕಳ್ಳನಿರಬಹುದೆಂದು ಅಂಜಬೇಕಾಗಿದೆ. ತನ್ನ ವೇಷವನ್ನೇ ಕಳ್ಳರು ಕದ್ದಿರುವಾಗ ನಿಜವಾದ 999ನು ಒಂದು ಮನೆಯ ಬಾಗಿಲನ್ನು ತಟ್ಟಿದರೆ ಒಳಗಿನವರು ತೆರೆಯುವರೆ? ಅವನು ತಾನು ಅವನೇ ಎಂದು ಹೇಗೆ ನಂಬಿಸಿಯಾನು? ಕಥೆಯು ಇಲ್ಲಿಂದ ಹೊರಡಲಿ. ಪೆಟ್ಟು ತಿನ್ನಬೇಕಾದಲ್ಲಿ ತಿನ್ನಲಿ, ನಮ್ಮ ಅಡ್ಡಿಯಿಲ್ಲ.

ರಾಜಕುಮಾರರು ತೀರಿಕೊಂಡುದು 2006ರ ಏಪ್ರಿಲಿನಲ್ಲಿ. ಹೊಸ ಬಾಂಡನು ಬಂದುದು ಅದೇ ವರ್ಷದ ನವೆಂಬರಿನಲ್ಲಿ. ಈಗ ರಾಜಾಜಿನಗರದಲ್ಲಿ ಅವರ ಹೆಸರಿನ ರಸ್ತೆಯಲ್ಲಿಯೇ ಮಾಲ್ ಎದ್ದು ನಿಂತಿದೆ. ಅಲ್ಲಿನ ತೆರೆಗಳ ಮುಂದೆ ಕುಳಿತು ಹೊರದೇಶದ ಗೂಢಚಾರರ ಗಾಯಗಳನ್ನು ಎಣಿಸಿ ಬರುವ ನಮ್ಮ ತರುಣ ಮಿತ್ರರಲ್ಲಿ ಒಂದು ವಿಜ್ಞಾಪನೆ. ‘ಜೇಡರ ಬಲೆ’ಯನ್ನು ಒಮ್ಮೆ ಆದ್ಯಂತವಾಗಿ, ನಡುವೆ ಎದ್ದು ಹೋಗದೆ, ನೋಡಿ ಬರಲಿ. ಹಾಗೆ ನೋಡಿ ಬಂದವರೊಡನೆ ಈ ವಾದವನ್ನು ಮುಂದುವರಿಸಲು ನಾವು ಸಿದ್ಧರಿದ್ದೇವೆ.