ಪದವಿಚಾರ: ಶುಶ್ರೂಷೆ

ಮನೆಯಲ್ಲಿ ಹಿರಿಯರೊಬ್ಬರು ಬಹುಕಾಲ ಹಾಸಿಗೆ ಹಿಡಿದು ತೀರಿಕೊಂಡರೆ, “ಮಕ್ಕಳು ಚೆನ್ನಾಗಿ ಶುಶ್ರೂಷೆ ಮಾಡಿದರು” ಎಂದು ನೆರೆಹೊರೆಯವರು ಮೆಚ್ಚಿ ನುಡಿಯುವುದುಂಟು. ಹೊತ್ತಿಗೆ ಸರಿಯಾಗಿ ಗಂಜಿ, ಔಷಧ, ಬಿಸಿನೀರು, ಒಗೆದ ಬಟ್ಟೆ ಇವುಗಳನ್ನು ಒದಗಿಸುವುದೇ ಈ ಮಾತಿನ ಅರ್ಥವೆಂದು ನಾವೆಲ್ಲರೂ ತಿಳಿದಿರುವೆವಷ್ಟೆ. ಆದರೆ ಪದವನ್ನು ಬಿಡಿಸಿ ನೋಡಿದರೆ ಅದರೊಳಗೆ ಗಂಜಿಯೂ ಇಲ್ಲ, ಔಷಧವೂ ಇಲ್ಲ.

ಮೊದಲು ಬರವಣಿಗೆಯ ತಪ್ಪೊಂದನ್ನು ತಿದ್ದಿಕೊಳ್ಳೋಣ. ಇದನ್ನು ‘ಸುಶ್ರೂಷೆ’ ಎಂದು ಬರೆಯುವವರು ಅನೇಕರಿದ್ದಾರೆ. ಒಳ್ಳೆಯದೆಂಬ ಅರ್ಥದ ‘ಸು’ ಇದರ ಮೊದಲಲ್ಲಿದೆಯೆಂದು ಅವರ ಊಹೆ. ಅದು ಸರಿಯಲ್ಲ. ‘ಶ್ರು’ ಎಂಬ ಧಾತುವಿಗೆ ಕೇಳುವುದು ಎಂದರ್ಥ. ಇಚ್ಛೆಯನ್ನು ತಿಳಿಸುವ ‘ಸನ್’ ಪ್ರತ್ಯಯವು ಸೇರಿದಾಗ ಸಂಸ್ಕೃತದಲ್ಲಿ ಧಾತುವು ಇಮ್ಮಡಿಸುವುದು. ತಿಳಿಯಬೇಕೆಂಬ ಇಚ್ಛೆ ಜಿಜ್ಞಾಸೆ. ಕುಡಿಯಬೇಕೆಂಬ ಇಚ್ಛೆ ಪಿಪಾಸೆ. ಅಂತೆಯೇ ಕೇಳಬೇಕೆಂಬ ಇಚ್ಛೆ ಶುಶ್ರೂಷೆ. ಮೊದಲಿನ ‘ಶು’ ಎಂಬುದು ಇಮ್ಮಡಿಸಿದ ಧಾತುವಿನ ಭಾಗವೇ ಹೊರತು ಹೊರಗಿನಿಂದ ಬಂದುದಲ್ಲ.

ಕೇಳುವ ಇಚ್ಛೆಯು ಸೇವೆಯಾದುದು ಹೇಗೆ? ಹಿರಿಯರ ಮಾತನ್ನು ಕೇಳಬಯಸುವವನು ಅವರ ಬಳಿಯಲ್ಲಿರುವನು. ಬಳಿಯಲ್ಲಿರುವವನು ಹೇಳಿದಂತೆ ನಡೆಯುವನು. ನಡೆಯುತ್ತ ಅವರ ಬೇಕುಬೇಡಗಳನ್ನು ಅರಿಯುವನು. ಹೀಗೆ ಅರ್ಥವು ಹಬ್ಬಿತು. ಅಮರಕೋಶವು ಶುಶ್ರೂಷೆಯನ್ನು ಪರಿಚರ್ಯೆ, ಉಪಾಸನೆಗಳ ಜೊತೆಯಲ್ಲಿಯೇ ಹೇಳಿದೆ. ಕನ್ನಡಿಗರಿಗೆ ಇದು ಹೊಸತೂ ಅಲ್ಲ. ‘ಮಾತು ಕೇಳುವ ಮಗ’ ಎಂದರೆ ಹೇಳಿದಂತೆ ನಡೆಯುವ ಮಗನೆಂದೇ ಅಲ್ಲವೆ?

ಈ ಪದವು ನಮ್ಮ ನಾಡಿನ ಬಂಡೆಯ ಮೇಲೆಯೇ ಇದೆ. ಚಿತ್ರದುರ್ಗ ಜಿಲ್ಲೆಯ ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ ಕ್ರಿ. ಪೂ. 3ನೆಯ ಶತಮಾನದ ಅಶೋಕನ ಶಾಸನವೊಂದುಂಟು. 1892ರಲ್ಲಿ ಬಿ. ಎಲ್. ರೈಸ್ ಅವರು ಇದನ್ನು ಬೆಳಕಿಗೆ ತಂದರು. ತಾಯಿತಂದೆಗಳ ವಿಷಯದಲ್ಲಿ ಪ್ರಜೆಗಳು ಏನು ಮಾಡತಕ್ಕದ್ದೆಂಬುದನ್ನು ಅದು ‘ಸುಸುಸಿತವಿಯೆ’ ಎಂಬ ಒಂದೇ ಪ್ರಾಕೃತ ಪದದಿಂದ ತಿಳಿಸುತ್ತದೆ. ಶಕಾರ ಷಕಾರಗಳು ಸಕಾರವಾಗಿ, ರೇಫವು ಸವೆದುಹೋಗಿದ್ದರೂ ಅದು ನಮ್ಮ ಶುಶ್ರೂಷೆಯೇ. ತಂದೆತಾಯಿಗಳ ಶುಶ್ರೂಷೆ ಮಾಡತಕ್ಕದ್ದು, ಅಂದರೆ ಅವರ ಮಾತಿಗೆ ಕಿವಿಗೊಟ್ಟು ನಡೆಯತಕ್ಕದ್ದು, ಎಂದು ಅದರ ತಾತ್ಪರ್ಯ.

ಇಷ್ಟು ವ್ಯಾಕರಣವನ್ನು ನಾವು ಮಕ್ಕಳಿಗೆ ಅನೇಕ ವರ್ಷ ಪಾಠ ಹೇಳಿದವರೇ. ಆದರೂ ಪದದ ಅರ್ಥವು ನಮಗೆ ತಿಳಿದದ್ದು ತಡವಾಗಿ. ನಮ್ಮ ತೀರ್ಥರೂಪರು ಕೊನೆಯ ಮೂರು ತಿಂಗಳು ಮಲಗಿದಲ್ಲೇ ಇದ್ದರು. ಕಷಾಯದ ಹೊತ್ತನ್ನು ನಾವು ಒಂದು ದಿನವೂ ತಪ್ಪಿಸಲಿಲ್ಲ. ಸಂಜೆಯಾಯಿತೆಂದರೆ ಅವರು, “ಮಗು, ಆ ಕೆರೆಯ ಕೆಳಗಿನ ಗದ್ದೆ ಇತ್ತಲ್ಲ...” ಎಂದು ಮೊದಲುಮಾಡುವರು. ನಾವು, “ಆಯಾಸವಾದೀತು, ಸುಮ್ಮನೆ ಮಲಗಿರಿ” ಎಂದು ಹೊದಿಕೆಯನ್ನು ಸರಿಪಡಿಸಿ ಹೊರಗೆ ಬರುತ್ತಿದ್ದೆವು. ನಾಲ್ಕಾರು ಸಲ ಹೀಗಾದ ಮೇಲೆ ಅವರು ಆ ಮಾತನ್ನೇ ಎತ್ತಲಿಲ್ಲ. ಅವರು ತೀರಿಕೊಂಡಾಗ ಬಂಧುಗಳೆಲ್ಲ ನಮ್ಮ ಶುಶ್ರೂಷೆಯನ್ನು ಕೊಂಡಾಡಿದರು. ಆ ಗದ್ದೆಯ ವಿಷಯವೇನೆಂಬುದು ನಮಗೆ ಈ ದಿನದವರೆಗೂ ತಿಳಿಯದು.

ಔಷಧ ಬೇಡವೆಂದು ನಾವು ಹೇಳುತ್ತಿಲ್ಲ. ಕೊಡತಕ್ಕದ್ದೇ. ಕೊಟ್ಟಾದ ಮೇಲೆ ಲೋಟವನ್ನು ಕೆಳಗಿಟ್ಟು ಅವರ ಹತ್ತಿರ ಸ್ವಲ್ಪ ಹೊತ್ತು ಕುಳಿತುಕೊಳ್ಳಿ. ಹತ್ತು ಸಲ ಕೇಳಿದ ಕಥೆಯೇ ಆದರೂ ಆಗಲಿ, “ಆಮೇಲೆ ಏನಾಯಿತು?” ಎನ್ನಿ. ಶುಶ್ರೂಷೆಯು ಅಲ್ಲಿಂದ ಮೊದಲಾಗುವುದು.