ಹಾರ ಒಬ್ಬರ ಕೊರಳಿಗೆ

2026ರ ಜನವರಿಯಲ್ಲಿ ನಮ್ಮ ಪುಣೆಯಲ್ಲಿ ಐದು ದಿನ, 437 ಕಿಲೋಮೀಟರ್‌ನ ಪುಣೆ ಗ್ರ್ಯಾಂಡ್ ಟೂರ್ ನಡೆಯಿತಲ್ಲ, ನಾನೂ ರಸ್ತೆ ಬದಿ ನಿಂತು ನೋಡಿದೆ. ವಿಜಾಪುರದ ಕಡೆಯವನು, ಸೈಕಲ್ ರೇಸ್ ಅಂದ್ರೆ ಬಿಡೋಕಾಗುತ್ತಾ?

"ಸೈಕಲ್ ಹೊಡೆಯೋಕೆ ಟೀಮ್ ಯಾಕೆ?" ಅಂತ ಪಕ್ಕದವರು ಕೇಳಿದರು. ನೋಡಿ, ವೇಗ ಹೆಚ್ಚಿದಂತೆ ಸವಾರನಿಗೆ ದೊಡ್ಡ ಶತ್ರು ಗಾಳಿ. ಮುಂದಿನವನ ಬೆನ್ನ ಹಿಂದೆಯೇ ಹೋದರೆ ಶ್ರಮ ಎಷ್ಟೋ ಕಡಿಮೆ. ಅದಕ್ಕೇ ತಂಡದವರು ಸರದಿಯ ಮೇಲೆ ಮುಂದೆ ಹೋಗಿ ಗಾಳಿಗೆ ಎದೆಕೊಡುತ್ತಾರೆ, ಕಾರಿನಿಂದ ನೀರಿನ ಬಾಟಲಿ ತಂದುಕೊಡುತ್ತಾರೆ. 2012ರ ಟೂರ್ ಡಿ ಫ್ರಾನ್ಸ್‌ನಲ್ಲಿ ಕ್ರಿಸ್ ಫ್ರೂಮ್, ಬೆಟ್ಟದಲ್ಲಿ ಮುಂದೆ ಹೋಗುವ ಶಕ್ತಿಯಿದ್ದರೂ, ನಾಯಕ ವಿಗಿನ್ಸ್‌ಗಾಗಿ ವೇಗ ತಗ್ಗಿಸಿದ. ಗೆದ್ದದ್ದು ವಿಗಿನ್ಸ್. ಈ ಆಟದಲ್ಲಿ ಗೆದ್ದವನು ಬಹುಮಾನದ ಹಣವನ್ನು ತಂಡದವರಿಗೆ ಹಂಚುವ ರೂಢಿಯಿದೆ.

ಒಂದು ಮಾರ್ಚ್‌ನಲ್ಲಿ ನಮ್ಮ ಶಾಖೆ ಟಾರ್ಗೆಟ್ ಮುಟ್ಟಿತು. ಹಾರ ಬಿದ್ದದ್ದು ಮ್ಯಾನೇಜರ್ ಆಗಿದ್ದ ನನ್ನ ಕೊರಳಿಗೆ. ದಿನಾ ರಾತ್ರಿ ಹತ್ತರವರೆಗೆ ಕೂತು ಲೆಕ್ಕ ಹೊಂದಿಸಿದ ಕ್ಲರ್ಕ್ ಹೆಸರನ್ನು ನಾನು ಭಾಷಣದಲ್ಲಿ ಎತ್ತಲೇ ಇಲ್ಲ. ಹಣ ಬಿಡಿ, ಒಂದು ಥ್ಯಾಂಕ್ಸ್ ಕೂಡ ಹಂಚಲಿಲ್ಲ.

ಅವರೀಗ ರಿಟೈರ್ ಆಗಿದ್ದಾರೆ. ಈ ಭಾನುವಾರ ಫೋನ್ ಮಾಡಬೇಕು. ನಿಮಗೂ ಯಾರಾದರೂ ಹೀಗೆ ನೆನಪಾದರೆ, ತಡಮಾಡಬೇಡಿ.