ಪಂಕ್ತಿಯಲ್ಲಿಲ್ಲದ ಭೇದ ಸಭೆಯಲ್ಲೇಕೆ?



ತಮ್ಮ ದೇಹವನ್ನೇ ವೀಣೆಯನ್ನಾಗಿಸಿ ನುಡಿಸಬೇಕೆಂದು ಬಸವಣ್ಣನವರು ಕೂಡಲಸಂಗಮದೇವನನ್ನು ಬೇಡಿಕೊಂಡ ವಚನವನ್ನು ನಾವೆಲ್ಲರೂ ಕೇಳಿದ್ದೇವೆ. ಸಾಮಾನ್ಯವಾಗಿ ಅದನ್ನು ಸಮರ್ಪಣಭಾವದ ದೃಷ್ಟಿಯಿಂದ ವಿವೇಚಿಸಲಾಗುತ್ತದೆ. ಅದರಲ್ಲಿ ಇನ್ನೊಂದು ಅರ್ಥವೂ ಅಡಗಿದೆ. ಕಾಯವೇ ವಾದ್ಯವೆಂದಾದ ಮೇಲೆ ಕಾಯವುಳ್ಳ ಪ್ರತಿಯೊಬ್ಬರೂ ನಾದಕ್ಕೆ ಅಧಿಕಾರಿಗಳು. ಕುಲವಾಗಲಿ, ಸಿರಿಯಾಗಲಿ, ಅಂಗಸೌಷ್ಠವವಾಗಲಿ ಅಲ್ಲಿ ಅರ್ಹತೆಯೆನಿಸದು.

ಲೋಕದ ನಡೆ ಹೀಗಿಲ್ಲ. ವಿದುಷಿ ಗಂಗೂಬಾಯಿ ಹಾನಗಲ್ (1913–2009) ಅವರು ಬಾಲ್ಯದಲ್ಲಿ ನೆರೆಯವರ ತೋಟದ ಮಾವಿನಹಣ್ಣಿಗೆ ಕೈಹಾಕಿ ಬೈಸಿಕೊಂಡದ್ದನ್ನು ಸ್ಮರಿಸುತ್ತಿದ್ದರು. ಹಣ್ಣು ಹೋದುದಕ್ಕಿಂತ, ಹಾಡುವವಳ ಮಗಳು ತೋಟದೊಳಗೆ ಕಾಲಿಟ್ಟಳೆಂಬುದೇ ಅವರ ಕೋಪಕ್ಕೆ ಕಾರಣವಾಗಿತ್ತು. ಅದೇ ಬಾಲಕಿ 1924ರ ಬೆಳಗಾವಿ ಕಾಂಗ್ರೆಸ್ ಅಧಿವೇಶನದಲ್ಲಿ ಹಾಡಿದರು. 2002ರಲ್ಲಿ ಪದ್ಮವಿಭೂಷಣ ಪುರಸ್ಕಾರಕ್ಕೆ ಪಾತ್ರರಾದರು. ಹಾಡು ಬೇಕು, ಹಾಡುವವರು ಹೊಸ್ತಿಲಾಚೆಯೇ ಇರಲಿ ಎಂಬ ಆ ಕಾಲದ ನ್ಯಾಯವನ್ನು ಅವರು ತಮ್ಮ ಸಾಧನೆಯಿಂದಲೇ ಮೀರಬೇಕಾಯಿತು.

ಎಲ್ಲರೂ ಹಾಗೆ ಒಂಟಿಯಾಗಿ ಮೀರಬಲ್ಲರೇ? ಹುಟ್ಟುಕುರುಡರಾಗಿದ್ದ ಪಂಚಾಕ್ಷರ ಗವಾಯಿಗಳವರು ಹಾನಗಲ್ಲ ಕುಮಾರ ಶಿವಯೋಗಿಗಳ ಆಶ್ರಯದಿಂದ ಸಂಗೀತವಿದ್ಯೆಯನ್ನು ಪಡೆದರು. ಪಡೆದುದನ್ನು ತಮ್ಮಂತಹ ಮಕ್ಕಳಿಗೆ ಹಂಚಿದರು. ಗದುಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಅಂಧ, ಅನಾಥ, ಬಡ ಮಕ್ಕಳಿಗೆ ಜಾತಿಯನ್ನು ಕೇಳದೆ ವಿದ್ಯೆಯೊಡನೆ ಅನ್ನ, ವಸತಿಗಳೂ ದೊರೆತವು. ಅದನ್ನು ನಡೆಸಲು ಪುಟ್ಟರಾಜ ಗವಾಯಿಗಳವರು (1914–2010) ನಾಟಕ ಕಂಪನಿಯನ್ನೇ ಕಟ್ಟಿದರು. ಬಸವರಾಜ ರಾಜಗುರು, ಎಂ. ವೆಂಕಟೇಶಕುಮಾರ್ ಅವರಂತಹ ಗಾಯಕರು ಆ ಪರಂಪರೆಯ ಫಲ. ಬಾಗಿಲು ತೆರೆದಿದೆ ಎಂದು ಹೇಳುವುದು ಸುಲಭ. ಬಾಗಿಲವರೆಗೆ ಬರಲಾಗದವರ ಕೈಹಿಡಿದು ಕರೆತರುವುದೇ ದಾಸೋಹ.

ಈ ಮಾತನ್ನು ಬರೆಯುವಾಗ ನನ್ನದೊಂದು ತಪ್ಪು ನೆನಪಾಗುತ್ತದೆ. ಕಳೆದ ಶ್ರಾವಣದಲ್ಲಿ ನಮ್ಮಲ್ಲಿ ನಡೆದ ಸಂಗೀತ ಸಭೆಯ ಆಸನ ವ್ಯವಸ್ಥೆ ನನ್ನ ಪಾಲಿಗಿತ್ತು. ಮುಂದಿನ ಎರಡು ಸಾಲುಗಳಿಗೆ ‘ಗಣ್ಯರಿಗಾಗಿ’ ಎಂಬ ಚೀಟಿ ಅಂಟಿಸಿದವನು ನಾನೇ. ಗಣ್ಯರಲ್ಲಿ ಹೆಚ್ಚಿನವರು ಬರಲಿಲ್ಲ; ಕುರ್ಚಿಗಳು ಖಾಲಿ ಉಳಿದವು. ಪ್ರಸಾದ ನಿಲಯದ ಕೆಲಸ ಮುಗಿಸಿ ಬಂದ ತಾಯಂದಿರು ಬಾಗಿಲ ಬಳಿ ನಿಂತೇ ಕೇಳಿದರು. ಗಾಲಿಕುರ್ಚಿಯಲ್ಲಿ ಬಂದಿದ್ದ ಹಿರಿಯರೊಬ್ಬರು ಮೆಟ್ಟಿಲು ಹತ್ತಲಾಗದೆ, ಅಂಗಳದ ಧ್ವನಿವರ್ಧಕದಲ್ಲಿ ಕೇಳಿದಷ್ಟನ್ನೇ ಕೇಳಿ ಹಿಂದಿರುಗಿದರು. ಅದೇ ಮಧ್ಯಾಹ್ನ ಇವರೆಲ್ಲರೂ ನಮ್ಮೊಡನೆ ಒಂದೇ ಪಂಕ್ತಿಯಲ್ಲಿ ಕುಳಿತು ಪ್ರಸಾದ ಸ್ವೀಕರಿಸಿದ್ದರು!

ಅತಿಥಿಗಳನ್ನು ಗೌರವಿಸಬಾರದೇ ಎಂದು ಕೆಲವರು ಕೇಳಬಹುದು. ಖಂಡಿತ ಗೌರವಿಸೋಣ. ಆದರೆ ಬಾರದವರ ಖಾಲಿ ಕುರ್ಚಿಯನ್ನು ಕಾಯುತ್ತ ಬಂದವರನ್ನು ನಿಲ್ಲಿಸುವುದು ಶರಣಮಾರ್ಗವಲ್ಲ. ಸಾರ್ವಜನಿಕ ಕಟ್ಟಡಗಳಿಗೆ ಸುಗಮ ಪ್ರವೇಶವಿರಬೇಕೆಂದು 2016ರ ವಿಕಲಚೇತನರ ಹಕ್ಕುಗಳ ಅಧಿನಿಯಮವೂ ಹೇಳುತ್ತದೆ. ಕಾನೂನಿನ ಒತ್ತಾಯಕ್ಕೆ ಮೊದಲೇ ಅನುಭವ ಮಂಟಪದ ವಾರಸುದಾರರಾದ ನಾವು ಇದನ್ನು ಮಾಡಬೇಕಿತ್ತು.

ಮುಂದಿನ ಸಭೆಗೆ ಮುನ್ನ ಮೆಟ್ಟಿಲ ಪಕ್ಕದಲ್ಲಿ ಇಳಿಜಾರು ದಾರಿಯೊಂದು ಆಗಲಿ. ಮೊದಲ ಸಾಲು ವೃದ್ಧರಿಗೆ, ವಿಕಲಚೇತನರಿಗೆ ಮೀಸಲಾಗಲಿ. ಅಡುಗೆಮನೆಯ ಕಾಯಕ ಮುಗಿದ ಮೇಲೆಯೇ ಗಾಯನ ಆರಂಭವಾಗಲಿ. ಇವುಗಳಿಗೆ ಬೇಕಾದುದು ಅಲ್ಪ ಹಣ, ಸ್ವಲ್ಪ ಶ್ರಮ. ಚೀಟಿಗಳನ್ನು ಕೀಳುವ ಕೆಲಸವನ್ನು ನಾನೇ ವಹಿಸಿಕೊಳ್ಳುತ್ತೇನೆ.